1966ರ ಬೇಸಿಗೆಯ ಬೀಟಲ್ಸ್: ಯಾವ ‘ರಿವಾಲ್ವರ್’ ಕೊಳ್ಳುವುದು?

ಬೀಟಲ್ಸ್ ತಂಡದ ‘ರಿವಾಲ್ವರ್’ ಒಂದು ಆಲ್ಬಂ ಅಂದುಕೊಂಡು ಹುಡುಕಲು ಕೂತರೆ ಸಿಗುವುದು ಆರೇಳು ಆಲ್ಬಂ. ಮೋನೋ (ಎಲ್ಲ ದನಿ ಒಂದೇ ಕಡೆಯಿಂದ) ಒಂದು, ಸ್ಟೀರಿಯೋ (ಎಡ, ಬಲ ಎರಡು ಕಡೆಯಿಂದ) ಒಂದು, ಮೂರು ಹಾಡು ಕಡಿಮೆ ಇರುವ ಅಮೆರಿಕದ್ದೊಂದು, 1987ರ ಸಿಡಿ, 2009ರ ಸಿಡಿ, 2014ರ ಎಲ್‌ಪಿ, 2022ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ್ದು, ಅಂದರೆ ಟೇಪಿನ ದನಿಗಳನ್ನು ಮತ್ತೆ ಹದವಾಗಿ ಬೆರೆಸಿದ್ದು. ರಕ್ಷಾಕವಚದ ಮೇಲೆ ಕ್ಲೌಸ್ ವೂರ್ಮನ್ ಬರೆದ ಅದೇ ಕಪ್ಪು ಬಿಳುಪು ಚಿತ್ರ, ಒಳಗೆ ಕೇಳುವುದು ಮಾತ್ರ ಬೇರೆ ಬೇರೆ. ಕೆಲವು ಹಾಡುಗಳಲ್ಲಿ ಗಿಟಾರ್ ಬರುವ ಜಾಗವೇ ಬದಲಾಗಿದೆ. ಹಾಗಾಗಿ ‘ಯಾವುದಾದರೇನು, ಹಾಡು ಅದೇ ತಾನೆ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಆತುರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಹೆಡ್‌ಫೋನಿನಲ್ಲಿ ಕೇಳುವವರು 2022ರ ಎರಡು ಸಿಡಿಗಳ ಡೀಲಕ್ಸ್ ತೆಗೆದುಕೊಳ್ಳಿ. ಸ್ಪೀಕರಿನಲ್ಲಿ, ಅದರಲ್ಲೂ ಪ್ಲೇಟು ಹಾಕಿ ಕೇಳುವವರು 2014ರ ಮೋನೋ ಎಲ್‌ಪಿ ಹುಡುಕಿ. ಹಳೆಯ ಸ್ಟೀರಿಯೋ ಇವೆರಡರ ನಂತರದ ಮಾತು. ಯಾಕೆ ಎಂದು ತಿಳಿಯಲು ಆ ಬೇಸಿಗೆಯಲ್ಲಿ ಟೇಪಿನ ಮೇಲೆ ಏನು ನಡೆಯಿತು ಎಂದು ನೋಡಬೇಕು.

ಆ ನಾಲ್ಕು ತಿಂಗಳು

ಇಂಗ್ಲೆಂಡಿನ ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮುಂಗಾರು ಹಿಡಿದಿರುತ್ತದೆ. ಇವರ ಕೆಲಸ ಅದಕ್ಕೂ ಮುಂಚೆ, ಏಪ್ರಿಲ್ 6ರಂದು, ಲಂಡನ್ನಿನ ಆ್ಯಬಿ ರೋಡಿನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ ಆರಂಭವಾಯಿತು. ಆಲ್ಬಮ್ಮಿನ ಕಟ್ಟಕಡೆಗೆ ಬರುವ ‘ಟುಮಾರೋ ನೆವರ್ ನೋಸ್’ ಹಾಡನ್ನೇ ಮೊದಲು ಹಿಡಿದುಕೊಂಡರು. ಜೂನ್ 21ಕ್ಕೆ ‘ಶಿ ಸೆಡ್ ಶಿ ಸೆಡ್’ ಮುಗಿಸಿ, 22ಕ್ಕೆ ಮಿಕ್ಸಿಂಗ್ ಮುಗಿಸಿ, 23ಕ್ಕೆ ಜರ್ಮನಿಗೆ ವಿಮಾನ ಹತ್ತಿದರು. ಈ ನಡುವೆಯೇ ‘ಪೇಪರ್‌ಬ್ಯಾಕ್ ರೈಟರ್’ ಮತ್ತು ‘ರೇನ್’ ಹಾಡುಗಳ ಸಿಂಗಲ್ ಅಮೆರಿಕದಲ್ಲಿ ಮೇ 30ಕ್ಕೆ, ಬ್ರಿಟನ್ನಿನಲ್ಲಿ ಜೂನ್ 10ಕ್ಕೆ ಹೊರಬಂತು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ ಜೂನ್ 20ಕ್ಕೆ ‘ಯೆಸ್ಟರ್‌ಡೇ ಅಂಡ್ ಟುಡೇ’ ಎಂಬ ಕೂಡಿಸಿದ ಆಲ್ಬಂ ತಂದಿತು. ಜುಲೈ ಹೊತ್ತಿಗೆ ಟೋಕಿಯೋ, ಮನಿಲಾ, ಹಿಂದಿರುಗುವ ದಾರಿಯಲ್ಲಿ ದೆಹಲಿ. ‘ರಿವಾಲ್ವರ್’ ಬ್ರಿಟನ್ನಿನಲ್ಲಿ ಆಗಸ್ಟ್ 5ಕ್ಕೆ, ಅಮೆರಿಕದಲ್ಲಿ ಆಗಸ್ಟ್ 8ಕ್ಕೆ ಬಂತು. ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹಾಡಿದ್ದೇ ಟಿಕೆಟ್ ಇಟ್ಟು ನಡೆಸಿದ ಅವರ ಸಂಗೀತ ಕಛೇರಿಗಳಲ್ಲಿ ಕೊನೆಯದು.

ಆ ಪ್ರವಾಸದಲ್ಲಿ ‘ರಿವಾಲ್ವರ್’ ಆಲ್ಬಮ್ಮಿನ ಒಂದೇ ಒಂದು ಹಾಡನ್ನೂ ಅವರು ವೇದಿಕೆಯಲ್ಲಿ ಹಾಡಲಿಲ್ಲ. ಆ ಅವಧಿಯ ಧ್ವನಿಮುದ್ರಣದಿಂದ ವೇದಿಕೆ ಏರಿದ್ದು ‘ಪೇಪರ್‌ಬ್ಯಾಕ್ ರೈಟರ್’ ಒಂದೇ. ‘1966 ಲೈವ್’ ಎಂದು ಬರೆದು ಮಾರುವ ಯಾವುದೇ ಪ್ಲೇಟಿನಲ್ಲಿ ‘ಎಲಿನರ್ ರಿಗ್ಬಿ’ ಇದೆ ಎಂದರೆ ಅದು ಆ ತಂಡದ ಲೈವ್ ಅಲ್ಲ, ಕೈಬಿಡಿ.

ಮೋನೋ ಯಾಕೆ ಮುಂದು

1966ರಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಹೆಚ್ಚಾಗಿದ್ದದ್ದು ಒಂದೇ ಸ್ಪೀಕರಿನ ಪ್ಲೇಯರು, ರೇಡಿಯೋ ಕೂಡ ಮೋನೋ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಆಗಿನ್ನೂ ಇಪ್ಪತ್ತು ವರ್ಷದ ಎಂಜಿನಿಯರ್ ಜೆಫ್ ಎಮೆರಿಕ್ ಇವರ ಗಮನವೆಲ್ಲ ಮೋನೋ ಮಿಕ್ಸಿನ ಮೇಲಿತ್ತು. ಸ್ಟೀರಿಯೋ ಕಡಿಮೆ ಜನ ಕೊಳ್ಳುವ ಸರಕು.

ಇನ್ನೊಂದು ಕಾರಣ ಯಂತ್ರದ್ದು. ಸ್ಟುಡಿಯೋದಲ್ಲಿದ್ದದ್ದು ಸ್ಟೂಡರ್ ಜೆ37 ಎಂಬ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸಾಲು ದನಿಯನ್ನು ಬೇರೆ ಬೇರೆಯಾಗಿ ಹಿಡಿಯುವ ಟೇಪ್ ಯಂತ್ರ. ಡ್ರಮ್ಮು, ಬಾಸು (ತಗ್ಗು ಸ್ವರದ ಗಿಟಾರು), ಗಿಟಾರು ಮೂರನ್ನೂ ಒಟ್ಟಿಗೆ ನುಡಿಸಿ ಒಂದೇ ಟ್ರ್ಯಾಕಿಗೆ ಹಾಕಿದರೆ ಆಮೇಲೆ ಬಿಡಿಸುವಂತಿಲ್ಲ. ಹಿಟ್ಟಿಗೆ ಬೆರೆತ ಉಪ್ಪಿನ ಹಾಗೆ. ‘ಟ್ಯಾಕ್ಸ್‌ಮನ್’ ಹಾಡಿನಲ್ಲಿ ಆದದ್ದು ಇದೇ. ಮೋನೋದಲ್ಲಿ ಇದು ತೊಂದರೆಯೇ ಅಲ್ಲ, ಎಲ್ಲವೂ ಒಂದೇ ಕಡೆಯಿಂದ ಬರಬೇಕಲ್ಲ. ಸ್ಟೀರಿಯೋ ಮಾಡುವಾಗ ಆ ಇಡೀ ಗಂಟನ್ನು ಒಂದು ಪಕ್ಕಕ್ಕೆ ತಳ್ಳಲೇಬೇಕಾಯಿತು. ಹೆಡ್‌ಫೋನ್ ಹಾಕಿ 1966ರ ಸ್ಟೀರಿಯೋ ‘ಟ್ಯಾಕ್ಸ್‌ಮನ್’ ಕೇಳಿ: ವಾದ್ಯಗಳ ಮೂಟೆಯೆಲ್ಲ ಎಡಗಿವಿಗೆ. ಐದು ನಿಮಿಷಕ್ಕೆ ತಲೆ ಒಂದು ಕಡೆ ವಾಲಿದಂತಾಗುತ್ತದೆ.

‘ಎಲಿನರ್ ರಿಗ್ಬಿ’ ಇನ್ನೂ ಸ್ಪಷ್ಟ ಉದಾಹರಣೆ. ನಾಲ್ಕು ಪಿಟೀಲು, ಎರಡು ವಯೋಲ, ಎರಡು ಚೆಲೋ, ಒಟ್ಟು ಎಂಟು ಜನ ತಂತಿವಾದ್ಯದವರು. ಮೈಕನ್ನು ಅವರ ವಾದ್ಯಗಳಿಗೆ ತೀರ ಹತ್ತಿರ ಇಟ್ಟಿದ್ದರಿಂದಲೇ ಆ ಕಮಾನಿನ ಒರಟು ಏಟು. ಹಳೆಯ ಸ್ಟೀರಿಯೋದಲ್ಲಿ ಪಾಲ್ ಮೆಕಾರ್ಟ್ನಿಯ ದನಿ ಚರಣಗಳಲ್ಲಿ ಬಲಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಚರಣ ಶುರುವಾಗುವ ಕ್ಷಣವನ್ನು ಗಮನವಿಟ್ಟು ಕೇಳಿ. ಹೆಸರಿನ ಮೊದಲ ಅಕ್ಷರಗಳು ಎರಡೂ ಕಿವಿಗೆ ಬಂದು, ಹೆಸರು ಮುಗಿಯುವಷ್ಟರಲ್ಲಿ ಎಡಗಡೆಯ ದನಿ ತಟ್ಟನೆ ಮಾಯವಾಗುತ್ತದೆ. ದನಿಯನ್ನು ಜೋಡಿಯಾಗಿಸುವ ಎಡಿಟಿ ಎಂಬ ಉಪಾಯವನ್ನು ಆರಿಸುವುದು ಅರೆಕ್ಷಣ ತಡವಾಯಿತು, ಅಷ್ಟೆ. ಕೆನ್ ಟೌನ್‌ಸೆಂಡ್ ಎಂಬ ತಂತ್ರಜ್ಞ ಆ ವಸಂತದಲ್ಲಿ ಹೊಸದಾಗಿ ಕಂಡುಹಿಡಿದ ಉಪಾಯ ಅದು. ಗಾಯಕ ಎರಡನೇ ಸಲ ಹಾಡುವ ಕಷ್ಟವಿಲ್ಲದೆ, ಎರಡನೇ ಟೇಪ್ ಯಂತ್ರದ ಮೂಲಕ ಅದೇ ದನಿಯನ್ನು ಕೂದಲೆಳೆಯಷ್ಟು ತಡಮಾಡಿ ಮತ್ತೆ ಸೇರಿಸುವುದು. ನಿಮ್ಮ ಕೈಲಿರುವುದು ಹಳೆಯ ಸ್ಟೀರಿಯೋ ಮಿಕ್ಸೋ ಅಲ್ಲವೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ಗುರುತಿಲ್ಲ.

ಮೋನೋ ಮತ್ತು ಸ್ಟೀರಿಯೋಗಳನ್ನು ಬೇರೆ ಬೇರೆ ಕೂತು ಮಿಕ್ಸ್ ಮಾಡಿದ್ದರಿಂದ ಹಾಡಿನ ವಿವರಗಳೂ ಬೇರೆಯಾಗಿವೆ. ‘ಗಾಟ್ ಟು ಗೆಟ್ ಯೂ ಇನ್‌ಟು ಮೈ ಲೈಫ್’ ಮೋನೋದಲ್ಲಿ ಕೊನೆಗೆ ಇನ್ನಷ್ಟು ಹೊತ್ತು ಓಡುತ್ತದೆ, ಮೆಕಾರ್ಟ್ನಿ ಕೂಗುವ ಮಾತುಗಳೂ ಬೇರೆ. ‘ಯೆಲೋ ಸಬ್‌ಮರೀನ್’ ಮೋನೋದಲ್ಲಿ ಗಿಟಾರಿನ ಒಂದು ಮೀಟಿನಿಂದ ಶುರುವಾದರೆ ಸ್ಟೀರಿಯೋದಲ್ಲಿ ತಂಡದ ಡ್ರಮ್ಮಿನವರಾದ ರಿಂಗೋ ಒಬ್ಬಂಟಿಯಾಗಿ ದನಿ ತೆಗೆಯುತ್ತಾರೆ. ‘ಲವ್ ಯೂ ಟು’ ಮೋನೋದಲ್ಲಿ ತುಸು ಉದ್ದ. ಆ ಹಾಡಿನ ತಬಲಾ ನುಡಿಸಿದವರು ಅನಿಲ್ ಭಾಗವತ್, ಅವರ ಹೆಸರು ರಕ್ಷಾಕವಚದ ಹಿಂದೆ ಅಚ್ಚಾಗಿದೆ. ತಬಲಾ ಕೇಳಿ ಬೆಳೆದ ಕಿವಿಗೆ ಈ ಹಾಡು ಒಳ್ಳೆಯ ಒರೆಗಲ್ಲು: ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಬರುವ ಗುಂಯ್ ಎಂಬ ಏರಿಳಿತ ನಿಮ್ಮ ಸ್ಪೀಕರಿನಲ್ಲಿ ಬಿಡಿಯಾಗಿ ಕೇಳದೆ ಬರೀ ಗುಡುಗಿದರೆ ದೋಷ ಪ್ಲೇಟಿನದ್ದಲ್ಲ, ಸ್ಪೀಕರಿನದ್ದು ಅಥವಾ ಅದನ್ನಿಟ್ಟ ಮೂಲೆಯದ್ದು. ಗೋಡೆಯಿಂದ ಒಂದಡಿ ಮುಂದೆ ಎಳೆದು ಮತ್ತೆ ಕೇಳಿ.

ಇವೆಲ್ಲಕ್ಕಿಂತ ವಿಚಿತ್ರ ‘ಐಯಾಮ್ ಓನ್ಲಿ ಸ್ಲೀಪಿಂಗ್’. ಜಾರ್ಜ್ ಹ್ಯಾರಿಸನ್ ಸ್ವರಗಳನ್ನು ಹಿಂದುಮುಂದಾಗಿ ನುಡಿಸಿ, ಟೇಪನ್ನು ತಿರುಗಿಸಿ ಹಾಕಿದ ಗಿಟಾರ್ ತುಣುಕುಗಳು ಇದರಲ್ಲಿವೆ. ಬ್ರಿಟನ್ನಿನ ಮೋನೋ, ಬ್ರಿಟನ್ನಿನ ಸ್ಟೀರಿಯೋ, ಅಮೆರಿಕದ ಮೋನೋ, ಅಮೆರಿಕದ ಸ್ಟೀರಿಯೋ ನಾಲ್ಕರಲ್ಲೂ ಆ ತುಣುಕುಗಳು ಒಂದೊಂದು ಜಾಗದಲ್ಲಿ ಬರುತ್ತವೆ. ಅಮೆರಿಕದವರು ಅವಸರಪಟ್ಟಿದ್ದರಿಂದ ಮೇ 12ರಂದೇ ಅವರಿಗಾಗಿ ಮೋನೋ ಮಿಕ್ಸ್ ಮಾಡಿ ಕಳಿಸಬೇಕಾಯಿತು, ಬ್ರಿಟನ್ನಿನದನ್ನು ಆಮೇಲೆ ನಿಧಾನವಾಗಿ ಮತ್ತೆ ಮಾಡಿದರು. ಇಷ್ಟಕ್ಕಾಗಿ ನಾಲ್ಕನ್ನೂ ಕೊಳ್ಳಬೇಕೆ? ಬೇಡ. ಅದು ಕೊಳ್ಳುವವರ ಖಯಾಲಿ, ಕೇಳುವವರ ಅಗತ್ಯವಲ್ಲ.

ಮೋನೋ ಕೊಳ್ಳುವ ದಾರಿಗಳು

2009ರ ಸೆಪ್ಟೆಂಬರ್ 9ರಂದು ಬಂದ ಮೋನೋ ಸಿಡಿ ಪೆಟ್ಟಿಗೆಯಲ್ಲಿ ‘ರಿವಾಲ್ವರ್’ ಇದೆ, ಆದರೆ ಬಿಡಿಯಾಗಿ ಮಾರಲಿಲ್ಲ. ಇಡೀ ಪೆಟ್ಟಿಗೆ ಬೇಕು ಎನ್ನುವವರಿಗೆ ಮಾತ್ರ ಅದು ಲೆಕ್ಕಕ್ಕೆ ಬರುವುದು. ದನಿಯಲ್ಲಿ ಕೊರತೆ ಏನಿಲ್ಲ. ಅದೇ ದಿನ ಬಂದ ಸ್ಟೀರಿಯೋ ಸಿಡಿಗಳಿಗೆ ಹಾಕಿದ ಲಿಮಿಟಿಂಗ್ (ಜೋರು ಸದ್ದಿನ ತುದಿಗಳನ್ನು ತಗ್ಗಿಸುವುದು) ಇದಕ್ಕೆ ಹಾಕಿಲ್ಲ.

2014ರ ಸೆಪ್ಟೆಂಬರಿನಲ್ಲಿ ಬಂದ 180 ಗ್ರಾಂ ಮೋನೋ ಎಲ್‌ಪಿ ನಮ್ಮ ಮೊದಲ ಆಯ್ಕೆ. ಶಾನ್ ಮ್ಯಾಗಿ, ಸ್ಟೀವ್ ಬರ್ಕೊವಿಟ್ಜ್ ಇಬ್ಬರೂ ಮೂಲ ಅನಲಾಗ್ ಟೇಪಿನಿಂದ ನೇರವಾಗಿ, ನಡುವೆ ಡಿಜಿಟಲ್ ಹಂತವೇ ಇಲ್ಲದೆ ಗೀರು (ಮುಳ್ಳು ಓಡುವ ಜಾಡು) ಕೆತ್ತಿದ್ದು. ಇದು ಬಿಡಿಯಾಗಿಯೂ ಮಾರಾಟವಾಗಿತ್ತು. 2012ರ ಸ್ಟೀರಿಯೋ ಎಲ್‌ಪಿಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ, ಅದು 2009ರ ಡಿಜಿಟಲ್ ಕಡತದಿಂದ ಮಾಡಿದ್ದು. ಅಂಗಡಿಯವರು ‘ಎರಡೂ ರೀಮಾಸ್ಟರೇ ಸರ್’ (ಹಳೆಯ ಟೇಪನ್ನು ಹೊಸದಾಗಿ ಹದಗೊಳಿಸಿದ್ದು) ಅನ್ನುತ್ತಾರೆ, ಸುಳ್ಳೇನಲ್ಲ. ಆದರೆ ಕೇಳಬೇಕಾದ ಪ್ರಶ್ನೆ ‘ಮೋನೋನಾ?’ ಎಂಬುದು.

ಮೂರನೆಯದು 1966ರ ಬ್ರಿಟಿಷ್ ಮೋನೋ, ಪಾರ್ಲೋಫೋನ್ ಲೇಬಲ್ಲಿನ ಪಿಎಂಸಿ 7009 ಸಂಖ್ಯೆಯದು, ಕಪ್ಪು ಲೇಬಲ್ಲಿನ ಮೇಲೆ ಹಳದಿ ಅಕ್ಷರ. ಸ್ಟೀರಿಯೋ ಆದರೆ ಪಿಸಿಎಸ್ 7009. ಹಳೆಯದನ್ನು ಕೊಳ್ಳುವವರು ಲೇಬಲ್ ನೋಡಿ ನಿಲ್ಲಬಾರದು, ಲೇಬಲ್ಲಿಗೂ ಕೊನೆಯ ಗೀರಿಗೂ ನಡುವಿನ ಬೋಳು ಜಾಗವನ್ನು ಓರೆಬೆಳಕಿನಲ್ಲಿ ಹಿಡಿದು ಓದಬೇಕು. ಗಡಿಯಾರದ 6ರ ಜಾಗದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ (ಆ ಮಗ್ಗುಲನ್ನು ಎಷ್ಟನೇ ಸಲ ಕೆತ್ತಿದ್ದು ಎಂಬ ಗುರುತು) ಇರುತ್ತದೆ. ಎರಡನೇ ಮಗ್ಗುಲಲ್ಲಿ ಎಕ್ಸ್ಇಎಕ್ಸ್ 606-1 ಎಂದಿದ್ದರೆ ನಿಮ್ಮ ಕೈಯಲ್ಲಿರುವುದು ಅಪರೂಪದ್ದು: ಅದರಲ್ಲಿ ‘ಟುಮಾರೋ ನೆವರ್ ನೋಸ್’ ಹಾಡಿನ 11ನೇ ಮೋನೋ ಮಿಕ್ಸ್ ಇದೆ. ಪ್ಲೇಟು ಒತ್ತಲು ಶುರುವಾದ ಮೇಲೆ ಮಾರ್ಟಿನ್ ಮನಸ್ಸು ಬದಲಿಸಿ 8ನೇ ಮಿಕ್ಸ್ ಹಾಕಿಸಿದರು. ಆಮೇಲಿನ ಒತ್ತುಗಳೆಲ್ಲ -2, -3. ಹಾಡು ಆರುವಾಗ ಕೊನೆಯ ಪಿಯಾನೋ ಹೆಚ್ಚು ಹೊತ್ತು ಕೇಳಿಸಿದರೆ ಅದು 11.

9ರ ಜಾಗದ ಅಂಕಿ ತಾಯಿ ಅಚ್ಚಿನದು, 3ರ ಜಾಗದ ಅಕ್ಷರ ಅದರಿಂದ ಮಾಡಿದ, ಪ್ಲೇಟು ಒತ್ತುವ ಅಚ್ಚಾದ ಸ್ಟ್ಯಾಂಪರಿನದು. ಇಎಂಐ ಅಕ್ಷರಗಳಿಗೆ ಅಂಕಿ ಕೊಟ್ಟಿತ್ತು: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. ಜಿಟಿ ಎಂದರೆ 19ನೇ ಸ್ಟ್ಯಾಂಪರು. ಸಂಖ್ಯೆ ಚಿಕ್ಕದಾದಷ್ಟೂ ಮೊದಮೊದಲ ಒತ್ತು.

ಆದರೆ ಈ ಅಂಕಿಗಳ ಮೋಹದಲ್ಲಿ ಗೀರು ನೋಡಲು ಮರೆಯಬೇಡಿ. ಆ ಕಾಲದ ಪ್ಲೇಯರುಗಳ ಮುಳ್ಳು ಭಾರದ್ದು, ಗೀರಿನ ಗೋಡೆಯನ್ನು ಕೆರೆದು ತೆಗೆದಿರುತ್ತದೆ. ಮಿಂಚುವ ಪ್ಲೇಟೂ ಒಳಗೆ ಸವೆದಿರಬಹುದು. ಮಾರುವವರ ಹತ್ತಿರ ಮೊದಲ ಹಾಡು ಹಾಕಿಸಿ ತಲೆದೂಗಿ ಬರುವುದು ಎಲ್ಲರೂ ಮಾಡುವ ತಪ್ಪು. ಪ್ಲೇಟಿನ ಒಳಸುತ್ತಿನಲ್ಲಿ ಗೀರಿನ ವೇಗ ಕಡಿಮೆ, ಅದೇ ದನಿ ಇಕ್ಕಟ್ಟಿನಲ್ಲಿ ಕೂತಿರುತ್ತದೆ. ಸವೆತ ಮೊದಲು ಬಾಯಿಬಿಡುವುದು ಅಲ್ಲಿ. ಒಂದನೇ ಮಗ್ಗುಲಿನ ಕೊನೆಯ ‘ಶಿ ಸೆಡ್ ಶಿ ಸೆಡ್’ ಹಾಕಿಸಿ, ಸಿಂಬಲ್‌ನ ಚಂಯ್ ಎನ್ನುವ ನಾದ ಒಡೆದು ಜರ್‌ ಎಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಎರಡನೇ ಮಗ್ಗುಲಲ್ಲಿ ‘ಟುಮಾರೋ ನೆವರ್ ನೋಸ್’ ಆ ಪರೀಕ್ಷೆಗೆ ಅಷ್ಟು ಒಳ್ಳೆಯದಲ್ಲ, ಆ ಹಾಡಿನಲ್ಲಿ ಬೇಕೆಂದೇ ಒಡೆದ ಸದ್ದುಗಳು ತುಂಬ ಇವೆ.

ಕೊಲ್ಕತ್ತದ ದಮ್‌ದಮ್‌ನಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಒತ್ತಿದ ಬೀಟಲ್ಸ್ ಪ್ಲೇಟುಗಳು ನಮ್ಮ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಆಗಾಗ ಕಾಣುತ್ತವೆ. ಪರೀಕ್ಷೆ ಅದೇ. ನಮ್ಮ ಕಡೆ ಸೇರುವ ಹೆಚ್ಚುವರಿ ಕಾಟ ಬೂಷ್ಟು: ಮಳೆಗಾಲದಲ್ಲಿ ಕಾಗದದ ಒಳಚೀಲ ತೇವ ಹೀರಿ ಪ್ಲೇಟಿನ ಮೇಲೆ ಮಬ್ಬು ಕಲೆ ಬಿಡುತ್ತದೆ. ಮೇಲ್ಮೈಯ ಬೂಷ್ಟು ತೊಳೆದರೆ ಹೋಗುತ್ತದೆ, ಗೀರಿನ ಸವೆತ ಯಾವುದಕ್ಕೂ ಹೋಗುವುದಿಲ್ಲ.

ಮೋನೋ ಪ್ಲೇಟು ಹಾಕುವಾಗ

ಮೋನೋ ಪ್ಲೇಟಿನಲ್ಲಿ ಸಂಗೀತವೆಲ್ಲ ಮುಳ್ಳಿನ ಅಡ್ಡ ಅಲುಗಾಟದಲ್ಲಿದೆ. ಸ್ಟೀರಿಯೋ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ಮೇಲೆಕೆಳಗಿನ ಅಲುಗಾಟವನ್ನೂ ಹಿಡಿಯುತ್ತದೆ. ಮೋನೋ ಪ್ಲೇಟಿನಲ್ಲಿ ಆ ದಿಕ್ಕಿನಲ್ಲಿರುವುದು ಧೂಳು, ಕರಕರ, ಮೋಟಾರಿನ ಗುಂಯ್‌ಗುಡುವಿಕೆ ಮಾತ್ರ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ, ಎರಡು ಚಾನೆಲ್ ಕೂಡಿದಾಗ ಆ ಕಸದಲ್ಲಿ ಬಹುಪಾಲು ಒಂದನ್ನೊಂದು ಹೊಡೆದು ಹೋಗುತ್ತದೆ. ಗುಂಡಿ ಇಲ್ಲವೇ? ಪ್ಲೇಯರಿಗೂ ಫೋನೋ ಪ್ರೀಆಂಪಿಗೂ (ಪ್ಲೇಯರಿನ ಸಣ್ಣ ದನಿಯನ್ನು ಮೊದಲು ಏರಿಸುವ ಸಾಧನ) ನಡುವೆ ಎರಡು ವೈ ಕೇಬಲ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ: ಮೊದಲನೆಯದು ಎರಡನ್ನು ಒಂದು ಮಾಡುತ್ತದೆ, ಎರಡನೆಯದು ಒಂದನ್ನು ಮತ್ತೆ ಎರಡು. ಪ್ರೀಆಂಪಿನ ನಂತರ ಹೀಗೆ ಜೋಡಿಸಬೇಡಿ, ಎರಡು ಔಟ್‌ಪುಟ್‌ಗಳು ಒಂದರ ಮೇಲೊಂದು ನೂಕಾಡಿ ದನಿ ಕೆಡುತ್ತದೆ. ಸ್ಟೀರಿಯೋ ಪ್ಲೇಟು ಹಾಕುವ ಮುಂಚೆ ಕೇಬಲ್ ತೆಗೆಯಲು ನೆನಪಿರಲಿ.

ಇಲ್ಲೊಂದು ಎಡವಟ್ಟು ಸಾಮಾನ್ಯ. ಸ್ಟೀರಿಯೋ ಕಡತವನ್ನು ಫೋನಿನ ‘ಮೋನೋ ಆಡಿಯೋ’ ಗುಂಡಿಯಲ್ಲಿ ಕೂಡಿಸಿ ‘ಮೋನೋ ಕೇಳಿದೆ’ ಅನ್ನುವುದು. ಅದು ಮಡಚಿದ ಸ್ಟೀರಿಯೋ. ಕೂಡಿಸಿದಾಗ ನಡುವಿನ ದನಿ ಅಕ್ಕಪಕ್ಕದವಕ್ಕಿಂತ ಸುಮಾರು 3 ಡೆಸಿಬೆಲ್ ಮೇಲೇಳುತ್ತದೆ, ಮಿಕ್ಸಿನ ತೂಕವೇ ಕೆಡುತ್ತದೆ, ‘ಯೆಲೋ ಸಬ್‌ಮರೀನ್’ ಶುರುವಿನ ಗಿಟಾರ್ ಮೀಟು ಅದರಲ್ಲಿ ಬರುವುದೂ ಇಲ್ಲ. ಅಂತರ್ಜಾಲದಲ್ಲಿ ‘ಮೋನೋ’ ಎಂದು ಹಾಕಿರುವುದು ನಿಜವೇ ಎಂದು ಆ ಮೀಟಿನಿಂದ ಎರಡು ಸೆಕೆಂಡಿನಲ್ಲಿ ತಿಳಿಯಬಹುದು.

2022ರ ಹೊಸ ಮಿಕ್ಸ್

ಹಿಟ್ಟಿನಿಂದ ಉಪ್ಪು ತೆಗೆಯುವುದು ಅಸಾಧ್ಯ ಎಂದೆವಲ್ಲ, 2022ರಲ್ಲಿ ಅದನ್ನೇ ಮಾಡಿದರು. ಪೀಟರ್ ಜ್ಯಾಕ್ಸನ್ ಅವರ ವಿಂಗ್‌ನಟ್ ಸಂಸ್ಥೆಯಲ್ಲಿ ಎಮಿಲ್ ಡೆ ಲಾ ರೇ ತಂಡ ರೂಪಿಸಿದ ತಂತ್ರಾಂಶ ಒಂದೇ ಟ್ರ್ಯಾಕಿನಲ್ಲಿ ಬೆರೆತ ಡ್ರಮ್ಮು, ಬಾಸು, ಗಿಟಾರುಗಳನ್ನು ಬಿಡಿಸಿತು. ಜಾರ್ಜ್ ಮಾರ್ಟಿನ್ ಮಗ ಜೈಲ್ಸ್ ಮಾರ್ಟಿನ್, ಸ್ಯಾಮ್ ಓಕೆಲ್ ಜೊತೆ ಮತ್ತೆ ಮಿಕ್ಸ್ ಮಾಡಿ ಅಕ್ಟೋಬರ್ 28ಕ್ಕೆ ಹೊರತಂದರು.

ಇದರ ಲಾಭ ‘ಟ್ಯಾಕ್ಸ್‌ಮನ್’ನಲ್ಲೇ ಎದ್ದು ಕಾಣುತ್ತದೆ: ತಾಳ ನಡುವೆ ಬಂದು ಕೂತಿದೆ, ತಲೆ ವಾಲುವುದಿಲ್ಲ. ಹೆಡ್‌ಫೋನಿನವರಿಗೆ ಇದನ್ನು ಹೇಳುವುದು ಅದಕ್ಕೇ. ಖೋಟಾ ಎನ್ನುವವರೂ ಇದ್ದಾರೆ. ಒಪ್ಪುವುದು ಕಷ್ಟ, ನುಡಿಸಿದ್ದೆಲ್ಲ ಅದೇ ಟೇಪಿನದ್ದು. ಹಾಗಂತ ಎಲ್ಲ ಹಾಡಿಗೂ ಅದೇ ಮಾತು ಹೇಳಲಾಗದು. ‘ಟುಮಾರೋ ನೆವರ್ ನೋಸ್’ ಟೇಪಿನ ಕುಣಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಜಾನ್ ಲೆನನ್ ದನಿಯನ್ನು ಅರ್ಧದಿಂದಾಚೆ ಆರ್ಗನ್ನಿನ ತಿರುಗುವ ಲೆಸ್ಲಿ ಸ್ಪೀಕರಿನಲ್ಲಿ ಹಾಯಿಸಿ ಮಾಡಿದ ಹಾಡು. ಅದು ಕಿಕ್ಕಿರಿದು ಒಂದೇ ಬಾಗಿಲಿನಿಂದ ನುಗ್ಗಿದಾಗಲೇ ಸರಿ. ಬಿಡಿಸಿಟ್ಟರೆ ಅಚ್ಚುಕಟ್ಟು, ದಿಗಿಲು ಹೋಗುತ್ತದೆ. ಅಲ್ಲಿ ಮೋನೋವೇ ಗೆಲ್ಲುತ್ತದೆ.

2022ರದ್ದು ಹಲವು ಗಾತ್ರದಲ್ಲಿದೆ, ಇಲ್ಲಿ ದುಡ್ಡು ಕಳೆದುಕೊಳ್ಳುವುದು ಸುಲಭ. ಒಂದೇ ಸಿಡಿ ಅಥವಾ ಒಂದೇ ಎಲ್‌ಪಿಯಲ್ಲಿ ಹೊಸ ಮಿಕ್ಸಿನ 14 ಹಾಡು ಮಾತ್ರ. ಎಲ್‌ಪಿಯ ಗೀರನ್ನು ಮೈಲ್ಸ್ ಶೋವೆಲ್ ಅರ್ಧ ವೇಗದಲ್ಲಿ ಕೆತ್ತಿದ್ದು. ಚಿತ್ರ ಅಚ್ಚಾದ ಪಿಕ್ಚರ್ ಡಿಸ್ಕ್ ಗೋಡೆಗೆ ಚೆನ್ನ, ಮುಳ್ಳಿಗಲ್ಲ. ಅದರ ಮೇಲ್ಪದರದ ಸದ್ದು ಹೆಚ್ಚು. ಎರಡು ಸಿಡಿಯ ಡೀಲಕ್ಸ್‌ನ ಎರಡನೇ ಸಿಡಿಯಲ್ಲಿ 15 ಟ್ರ್ಯಾಕು: ಆಲ್ಬಮ್ಮಿನಲ್ಲಿಲ್ಲದ ‘ಪೇಪರ್‌ಬ್ಯಾಕ್ ರೈಟರ್’, ‘ರೇನ್’ ಎರಡರ ಹೊಸ ಮಿಕ್ಸೂ, ಆರಿಸಿದ ಟೇಕುಗಳೂ (ಹಾಡನ್ನು ಟೇಪಿಗಿಳಿಸಲು ಮಾಡಿದ ಒಂದೊಂದು ಯತ್ನ) ಇವೆ. ಬೆಲೆಗೆ ತಕ್ಕ ಸರಕು ಇದೇ.

ಸೂಪರ್ ಡೀಲಕ್ಸ್ ಐದು ಸಿಡಿ, 63 ಟ್ರ್ಯಾಕು, 100 ಪುಟದ ಪುಸ್ತಕ. ಅಥವಾ ನಾಲ್ಕು ಎಲ್‌ಪಿ ಮತ್ತು ಏಳಿಂಚಿನ ಒಂದು ಇಪಿ (ಕೆಲವೇ ಹಾಡಿನ ಚಿಕ್ಕ ಪ್ಲೇಟು). ಮೂಲ ಮೋನೋ ಆಲ್ಬಂ ಇದರೊಳಗಿದೆ, -1 ಒತ್ತಿನ ಆ 11ನೇ ಮಿಕ್ಸೂ ಇದೆ. ಅಂದರೆ ಹರಾಜಿನಲ್ಲಿ ಕೈಸುಟ್ಟುಕೊಳ್ಳದೆ ಅದನ್ನು ಕೇಳುವ ದಾರಿ ಇದು. ಟೇಕುಗಳಲ್ಲಿ ಮುಖ್ಯವಾದದ್ದು ‘ರೇನ್’ನ ಐದನೇ ಟೇಕು, ಎರಡು ರೂಪದಲ್ಲಿ. ಈ ಹಾಡಿನ ವಾದ್ಯಗಳನ್ನು ವೇಗವಾಗಿ ನುಡಿಸಿ, ಟೇಪನ್ನು ನಿಧಾನಿಸಿದ್ದರು. ರಿಂಗೋನ ಡ್ರಮ್ಮಿಗೆ ಆ ಭಾರ, ಆ ಎಳೆತ ಬಂದದ್ದು ಹಾಗೆ. ಮೊದಲು ನುಡಿಸಿದ ವೇಗದ್ದು, ಹಿಂದೆಯೇ ನಿಧಾನಿಸಿದ್ದು ಕೇಳಿದರೆ ಪುಟಗಟ್ಟಲೆ ವಿವರಣೆ ಬೇಕಾಗುವುದಿಲ್ಲ. ‘ಎಲಿನರ್ ರಿಗ್ಬಿ’ ಎರಡನೇ ಟೇಕಿನ ಮುಂಚಿನ ಮಾತುಕತೆಯೂ ಇದೆ: ತಂತಿವಾದ್ಯದವರು ಸ್ವರವನ್ನು ನಡುಗಿಸಿ ಒಮ್ಮೆ, ನಡುಗಿಸದೆ ಒಮ್ಮೆ ನುಡಿಸಿ ತೋರಿಸುತ್ತಾರೆ. ನಮ್ಮ ಗಮಕದ ಕಿವಿಗೆ ಆ ವ್ಯತ್ಯಾಸ ಥಟ್ಟನೆ ಸಿಗುತ್ತದೆ.

ಹಳೆಯ ‘ಆಂಥಾಲಜಿ 2’ ಸಿಡಿ ಈಗಾಗಲೇ ಮನೆಯಲ್ಲಿದ್ದರೆ ಈ ಟೇಕುಗಳಲ್ಲಿ ಕೆಲವು ಅದರಲ್ಲೇ ಇವೆ. ‘ಟುಮಾರೋ ನೆವರ್ ನೋಸ್’ ಮೊದಲ ಟೇಕು, ‘ಟ್ಯಾಕ್ಸ್‌ಮನ್’ ಹನ್ನೊಂದನೆಯದು, ‘ಅಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್’ ಹಾಡುತ್ತ ನಗು ತಡೆಯಲಾಗದೆ ಬಿದ್ದುಬಿದ್ದು ನಕ್ಕದ್ದು. ಪೆಟ್ಟಿಗೆ ಕೊಳ್ಳುವ ಮುಂಚೆ ಪಟ್ಟಿ ತಾಳೆ ಹಾಕಿ.

ಹಳೆಯ ಸ್ಟೀರಿಯೋ ಬೇಕೆಂದರೆ

1987ರ ಏಪ್ರಿಲ್ 30ರ ಸಿಡಿ ಮತ್ತು 2009ರ ಸಿಡಿ, ಎರಡೂ 1966ರ ಅದೇ ಸ್ಟೀರಿಯೋ ಮಿಕ್ಸ್. 1987ರಲ್ಲಿ ಜಾರ್ಜ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದ್ದು ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಎರಡನ್ನೇ, ‘ರಿವಾಲ್ವರ್’ ಮುಟ್ಟಲಿಲ್ಲ. 1987ರದ್ದು ದನಿ ಮೆಲ್ಲಗೆ, ವಾಲ್ಯೂಮ್ ಏರಿಸಿ ಕೇಳಬೇಕು, ಬಾಸು ಸೊರಗಿದೆ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುತ್ತದೆ. 2009ರದ್ದು ತುಂಬಿಕೊಂಡಿದೆ. ಎರಡರ ನಡುವೆ ಯೋಚನೆ ಬೇಡ, 2009.

ಅಮೆರಿಕದ 11 ಹಾಡು

ಕ್ಯಾಪಿಟಲ್ ಕಂಪನಿ ‘ಐಯಾಮ್ ಓನ್ಲಿ ಸ್ಲೀಪಿಂಗ್’, ‘ಅಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್’, ‘ಡಾಕ್ಟರ್ ರಾಬರ್ಟ್’ ಮೂರನ್ನೂ ಮೊದಲೇ ಕಿತ್ತು ‘ಯೆಸ್ಟರ್‌ಡೇ ಅಂಡ್ ಟುಡೇ’ಗೆ ಹಾಕಿತು. ಮೂರೂ ಲೆನನ್ ಹಾಡುಗಳು. ಬ್ರಿಟನ್ನಿನ ಆಲ್ಬಮ್ಮಿನಲ್ಲಿ ಲೆನನ್ ಮುಖ್ಯವಾಗಿ ಹಾಡಿದ್ದು ಐದು, ಮೆಕಾರ್ಟ್ನಿ ಐದು, ಹ್ಯಾರಿಸನ್ ಮೂರು, ರಿಂಗೋ ಒಂದು. ಅಮೆರಿಕದ್ದರಲ್ಲಿ ಲೆನನ್ ಎರಡಕ್ಕಿಳಿದು ಹ್ಯಾರಿಸನ್‌ಗಿಂತ ಹಿಂದೆ ಬಿದ್ದರು. ಪಂಕ್ತಿಯಲ್ಲಿ ಪಾಯಸ ಬಡಿಸದೆ ಎಬ್ಬಿಸಿದ ಹಾಗೆ. 1966ರಲ್ಲಿ ಅಮೆರಿಕದಲ್ಲಿ ಹರೆಯದವರಾಗಿದ್ದವರಿಗೆ ಅದೇ ನೆನಪಿನ ಆಲ್ಬಂ, ಅವರಿಗಾಗಿ 2014ರಲ್ಲಿ ಮೋನೋ, ಸ್ಟೀರಿಯೋ ಎರಡೂ ಒಂದೇ ಸಿಡಿಯಲ್ಲಿ ಬಂದಿದೆ. ಮಿಕ್ಕವರಿಗೆ ಬೇಡ. ಹಳೆಯ ಎಲ್‌ಪಿ ಕೊಳ್ಳುವಾಗ ಹಾಡು ಎಣಿಸಿ: 14 ಇದ್ದರೆ ಬ್ರಿಟನ್ನಿನ ಪಟ್ಟಿ, 11 ಇದ್ದರೆ ಇದು.

‘ಯೆಸ್ಟರ್‌ಡೇ ಅಂಡ್ ಟುಡೇ’ ಕೊಳ್ಳುವವರು ಹಾಡಿಗಿಂತ ಹೊದಿಕೆಗೆ ದುಡ್ಡು ಕೊಡುತ್ತಾರೆ. ರಾಬರ್ಟ್ ವಿಟೇಕರ್ ತೆಗೆದ, ನಾಲ್ವರೂ ಬಿಳಿ ಕೋಟು ತೊಟ್ಟು ಮಾಂಸದ ತುಂಡು, ಮುರಿದ ಗೊಂಬೆಗಳೊಂದಿಗೆ ಕೂತ ಚಿತ್ರದ ಹೊದಿಕೆಗೆ ಆಕ್ಷೇಪ ಬಂದು ಕ್ಯಾಪಿಟಲ್ ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಹಲವಕ್ಕೆ ದೊಡ್ಡ ಪೆಟ್ಟಿಗೆಯೊಂದಿಗೆ ನಾಲ್ವರೂ ಇರುವ ಚಿತ್ರವನ್ನು ಮೇಲಿಂದ ಅಂಟಿಸಿ ಮತ್ತೆ ಮಾರಿತು. ಅಂಟಿಸಿದ್ದು ಹೌದೋ ಅಲ್ಲವೋ ನೋಡಲು, ಬಲಮಗ್ಗುಲಿನ ಬಿಳಿ ಜಾಗವನ್ನು ಒಳ್ಳೆಯ ಬೆಳಕಿಗೆ ಹಿಡಿಯಿರಿ. ಒಳಗಿನ ಚಿತ್ರದ ರಿಂಗೋನ ಕಪ್ಪು ಅಂಗಿ ಮಸುಕು ತ್ರಿಕೋನವಾಗಿ ಕಾಣುತ್ತದೆ. ಕಂಡರೆ ಹಬೆ ಹಿಡಿದು ಸುಲಿಯಲು ಹೋಗಬೇಡಿ, ಹರಿದದ್ದು ಮತ್ತೆ ಕೂಡುವುದಿಲ್ಲ. ಅಂದಹಾಗೆ ಆ ಆಲ್ಬಮ್ಮಿನ ಮೊದಲ ಸ್ಟೀರಿಯೋ ಒತ್ತುಗಳಲ್ಲಿ ಈ ಮೂರು ಹಾಡು ನಿಜವಾದ ಸ್ಟೀರಿಯೋ ಅಲ್ಲ, ಮೋನೋವನ್ನೇ ಎರಡು ಕಡೆ ಬೇರೆ ಬೇರೆಯಾಗಿ ಸೋಸಿ ಮಾಡಿದ ಡ್ಯುಯೋಫೋನಿಕ್ ಎಂಬ ಕಣ್ಕಟ್ಟು.

ಹೊರಗುಳಿದ ಎರಡು ಹಾಡು

‘ಪೇಪರ್‌ಬ್ಯಾಕ್ ರೈಟರ್’ ಮತ್ತು ‘ರೇನ್’ ಇಲ್ಲದೆ ಆ ಬೇಸಿಗೆ ಪೂರ್ತಿಯಾಗುವುದಿಲ್ಲ, ಆದರೆ ಅವು ಆಲ್ಬಮ್ಮಿನ ಯಾವ ಮೂಲ ರೂಪದಲ್ಲೂ ಇಲ್ಲ. ಸ್ಪೀಕರನ್ನೇ ಮೈಕಿನಂತೆ ಬಾಸ್ ಸ್ಪೀಕರಿನ ಮುಂದಿಟ್ಟು ಹಿಡಿದ ಬಾಸು ಅವುಗಳದು. ಎರಡೂ ಸಿಂಗಲ್ಲಿಗಾಗಿ ಮೋನೋದಲ್ಲಿ ಹುಟ್ಟಿದವು. ‘ಪೇಪರ್‌ಬ್ಯಾಕ್ ರೈಟರ್’ಗೆ ಸ್ಟೀರಿಯೋ ಮಿಕ್ಸ್ ಆದದ್ದು 1966ರ ಅಕ್ಟೋಬರ್ ಕೊನೆಗೆ, ‘ರೇನ್’ಗೆ 1969ರ ಡಿಸೆಂಬರಿನಲ್ಲಿ. 2014ರ ಮೋನೋ ‘ರಿವಾಲ್ವರ್’ ಎಲ್‌ಪಿ ಕೊಂಡವರಿಗೆ ಈ ಎರಡಕ್ಕೆ ‘ಮೋನೋ ಮಾಸ್ಟರ್ಸ್’ ಎಂಬ ಸಂಕಲನ ಬೇಕಾಗುತ್ತದೆ. 2009ರ ಸ್ಟೀರಿಯೋದವರಿಗೆ ‘ಪಾಸ್ಟ್ ಮಾಸ್ಟರ್ಸ್’. 2022ರ ಡೀಲಕ್ಸ್, ಸೂಪರ್ ಡೀಲಕ್ಸ್ ಕೊಂಡವರಿಗೆ ಪ್ರತ್ಯೇಕ ಖರ್ಚಿಲ್ಲ. ಒಂದೇ ಸಿಡಿಯದ್ದು ಅಗ್ಗವಾಯಿತೆಂದು ತಂದು ಆಮೇಲೆ ಇವಕ್ಕಾಗಿ ಇನ್ನೊಂದು ಕೊಳ್ಳುವವರೇ ಹೆಚ್ಚು.

ಏನನ್ನೂ ಕೊಳ್ಳದೆ ಸ್ಟ್ರೀಮಿಂಗಿನಲ್ಲಿ ಕೇಳುವವರು ‘ರಿವಾಲ್ವರ್’ ಎಂದು ಹುಡುಕಿದಾಗ ಮೊದಲು ಬಂದದ್ದನ್ನು ಒತ್ತಬೇಡಿ. 2009 ರೀಮಾಸ್ಟರ್ ಎಂದಿದ್ದರೆ ಹಳೆಯ ಸ್ಟೀರಿಯೋ, 2022 ಮಿಕ್ಸ್ ಎಂದಿದ್ದರೆ ಹೊಸದು. ಸೂಪರ್ ಡೀಲಕ್ಸ್ ಪಟ್ಟಿಯಲ್ಲಿ ಕೆಳಗಿಳಿದು ಹಾಡಿನ ಹೆಸರಿನ ಪಕ್ಕ ಮೋನೋ ಎಂದಿರುವುದನ್ನು ನೋಡಿ. ‘ಟ್ಯಾಕ್ಸ್‌ಮನ್’ ಹೊಸ ಮಿಕ್ಸಿನಲ್ಲಿ ಒಮ್ಮೆ, ‘ಟುಮಾರೋ ನೆವರ್ ನೋಸ್’ ಮೋನೋದಲ್ಲಿ ಒಮ್ಮೆ ಕೇಳಿ. ಆರು ನಿಮಿಷದ ಕೆಲಸ. ಎರಡರಲ್ಲಿ ಯಾವುದನ್ನು ಮತ್ತೆ ಹಾಕಬೇಕು ಅನ್ನಿಸುತ್ತದೋ ಅದನ್ನು ಕೊಳ್ಳಿ.